ಕಡಿದ ನಾಯಿಯ ಮನೆಯ ಖಾರ

ನನ್ನ ಬಲಗೈಯ ಮೂರು ಬೆರಳು ನೆಟ್ಟಗಾಗುವುದಿಲ್ಲ. ನಾಯಿ ಕಡಿದು ಹಾಗಾಯಿತು ಎಂದು ನಿಮ್ಮವ್ವ ನಿಮಗೆ ಹೇಳಿದ್ದಾಳೆ. ಅಷ್ಟೇ ಆಗಿದ್ದರೆ ನಾನು ಬರೆಯುವ ಅಗತ್ಯ ಇರಲಿಲ್ಲ. ಎದುರಿಗೆ ಕೂತು ಹೇಳೋಣವೆಂದರೆ ನನಗೆ ಮಾತು ಬರುವುದಿಲ್ಲ, ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಶಿರಗುಪ್ಪಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇದೆ. ಅದರಲ್ಲೇ ಬರೆಯುತ್ತೇನೆ.

ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮವ್ವನಿಗೆ ನಾಲ್ಕು ವರ್ಷ. ಆಗ ಇನ್ನೂ ಬ್ರಿಟಿಷರ ಕಾಲ. ತವರು ಶಿರಗುಪ್ಪಿಯಿಂದ ತಮ್ಮ ಬಂದು "ಮನಿಗೆ ಬಾ ಅಕ್ಕಾ" ಎಂದ. ಜೊತೆಗೆ ಬಂದಿದ್ದ ಅವನ ಹೆಂಡತಿ ಏನೂ ಅನ್ನಲಿಲ್ಲ. ಆಕೆ ಏನೂ ಅನ್ನಲಿಲ್ಲ ಎಂದೇ ನಾನು ಹೋಗಲಿಲ್ಲ. ಹುಬ್ಬಳ್ಳಿಯಲ್ಲೇ ಒಂದು ಚಾಳಿನ ಕೋಣೆಯಲ್ಲಿ ಉಳಿದು, ಹತ್ತಿರದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ ಹಿಡಿದೆ. ರೊಟ್ಟಿ ಬಡಿಯುವವಳು ಯಾರೊಡನೆಯೂ ಮಾತಾಡಬೇಕಿಲ್ಲ. ಸ್ವಂತ ಒಲೆ, ಸ್ವಂತ ಬಾಗಿಲು, ಒಳಗಿನಿಂದ ಹಾಕಿಕೊಳ್ಳಲು ಒಂದು ಚಿಲಕ. ನನಗೆ ಬೇಕಾದದ್ದು ಅಷ್ಟೇ.

ಖಾನಾವಳಿಯ ದಾರಿಯಲ್ಲಿ ಹತ್ತಿ ವ್ಯಾಪಾರದ ಒಬ್ಬ ಸಾವಕಾರರು ಮಾಲು ತುಂಬಿಡುವ ವಖಾರಿ ಇತ್ತು. ಹತ್ತಿಯ ಅಂಡಿಗೆಗಳನ್ನು ಕಾಯಲು ಒಂದು ಕೆಂಚು ನಾಯಿ ಇಟ್ಟಿದ್ದರು. ಹಗಲು ಅದನ್ನು ಸರಪಳಿಯಲ್ಲಿ ಕಟ್ಟುತ್ತಿದ್ದರು. ಆ ದಿನ ಬೆಳಿಗ್ಗೆ ಕಟ್ಟಲು ಮರೆತಿದ್ದರು. ಅದು ಮೈಮೇಲೆ ಹಾರಿದಾಗ ನಾನು ಮುಖಕ್ಕೆ ಕೈ ಅಡ್ಡ ಹಿಡಿದೆ. ಕೈಯನ್ನೇ ಕಚ್ಚಿ ಜಗ್ಗಾಡಿತು. ಹಮಾಲರು ಬಡಿಗೆ ಹಿಡಿದು ಓಡಿ ಬರುವಷ್ಟರಲ್ಲಿ ಅಂಗೈಯಿಂದ ರಕ್ತ ಇಳಿಯುತ್ತಿತ್ತು.

ನಮ್ಮ ಪಕ್ಕದ ಕೋಣೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಒಬ್ಬ ಮುಸಲ್ಮಾನ ಹಿರಿಯರಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ನೋಡಿದವರೇ, "ಸಾಬಾಣ ಹಚ್ಚಿ ತೊಳಿ ತಂಗೆವ್ವಾ. ಧಾರವಾಡದ ದವಾಖಾನಿಗೆ ನಡಿ, ಅಲ್ಲಿ ಸೂಜಿ ಹಾಕತಾರ" ಎಂದರು. ನಾನು ಕೇಳಲಿಲ್ಲ. ನಮ್ಮ ಊರಲ್ಲಿ ನಾಯಿ ಕಡಿದರೆ ಮಾಡುವುದೇ ಬೇರೆ ಇತ್ತು. ಆ ನಾಯಿ ಯಾರದೋ ಅವರ ಮನೆಯಿಂದಲೇ ಖಾರದ ಪುಡಿ, ಎಣ್ಣೆ ಇಸಿದುಕೊಂಡು ಬಂದು ಗಾಯಕ್ಕೆ ತುಂಬಬೇಕು. ಬೇರೆಯವರ ಮನೆಯದು ನಡೆಯುವುದಿಲ್ಲ. ಕೇಳಿದವರಿಗೆ ಇಲ್ಲ ಎನ್ನುವ ಹಾಗಿಲ್ಲ, ಮತ್ತು ಮನೆಯ ಹೆಣ್ಣುಮಗಳೇ ಹೊಸ್ತಿಲು ದಾಟಿ ಬಂದು ತನ್ನ ಕೈಯಾರೆ ಕೊಡಬೇಕು. ಹಾಗೆ ಮಾಡಿದರೆ ವಿಷ ಇಳಿಯುತ್ತದೆ ಎಂದು ನಾನು ಹುಟ್ಟಿದಾಗಿನಿಂದ ಕೇಳಿದ್ದೆ.

ಕೈಗೆ ಅರಿವೆ ಸುತ್ತಿಕೊಂಡು ವಖಾರಿಯ ಹಿಂದಿದ್ದ ಸಾವಕಾರರ ಮನೆಯ ಮುಂದೆ ನಿಂತೆ. ಕೂಗಲು ನಾಚಿಕೆ. ಎಷ್ಟೋ ಹೊತ್ತಿನ ಮೇಲೆ ಅವರ ತಾಯಿ ನೋಡಿದರು. ಹಣೆಯ ತುಂಬ ವಿಭೂತಿ ಹಚ್ಚಿದ ಮುದುಕಿ. ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ತಿಳಿಯಿತು.

"ನಮ್ಮ ಕೆಂಚಾ ಕಡದನೇನವಾ? ಶಿವನ ಶಿವನ! ನಿಂದರು, ಬಂದೆ."

ಒಳಗೆ ಹೋಗಿ ಒಂದು ಬಟ್ಟಲಲ್ಲಿ ಖಾರ, ಇನ್ನೊಂದರಲ್ಲಿ ಎಣ್ಣೆ ತಂದು, ಹೊಸ್ತಿಲು ದಾಟಿ, ನನ್ನ ಎಡಗೈಗೆ ಕೊಟ್ಟರು. ಗಾಯದ ಕೈಯನ್ನು ನೋಡಿ ಕಣ್ಣು ಒರೆಸಿಕೊಂಡರು. ಮನೆಗೆ ಬಂದು ನಾನೇ ಖಾರ ತುಂಬಿ ಕಟ್ಟಿದೆ. ಆ ಉರಿಯ ಬಗ್ಗೆ ಬರೆಯುವುದಿಲ್ಲ.

ಮೂರು ದಿನಕ್ಕೆ ಕೈ ಮೊಣಕೈಯವರೆಗೆ ಬಾತು ಕೀವು ತುಂಬಿತು. ಆಗ ಕಾಕಾ ನನ್ನ ಮಾತು ಕೇಳದೆ ರೈಲು ಹತ್ತಿಸಿ ಧಾರವಾಡಕ್ಕೆ ಕರೆದೊಯ್ದರು. ಡಾಕ್ಟರರು ಕಟ್ಟು ಬಿಚ್ಚಿ ನೋಡಿ ಸಿಟ್ಟಾದರು.

"ಇದೇನು ಕೈಯೋ, ಎಣಗಾಯಿ ಮಾಡೋ ಬದನಿಕಾಯಿಯೋ? ಯಾರು ಖಾರ ತುಂಬಿದವರು?"

ನಾನು ತಲೆ ತಗ್ಗಿಸಿದೆ. ಕೀವು ತೆಗೆದರು. ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳಲು ಹದಿನಾಲ್ಕು ದಿನ ಹೋಗಿ ಬಂದೆ. ಜೀವ ಉಳಿಯಿತು. ಬೆರಳು ಮೂರು ಒಳಕ್ಕೆ ಮಡಚಿಕೊಂಡು ಅಲ್ಲೇ ನಿಂತವು. ಮಡಚಿದ ಬೆರಳಿನಿಂದ ರೊಟ್ಟಿ ಬಡಿಯಲು ಬರುವುದಿಲ್ಲ. ಖಾನಾವಳಿಯವರು ಬೇರೆ ಹೆಂಗಸನ್ನು ಇಟ್ಟುಕೊಂಡರು. ತಮ್ಮ ಮತ್ತೆ ಬಂದು "ಈಗರೆ ಬಾ" ಎಂದ.

ಕಾಕಾ ಬಿಡಲಿಲ್ಲ. ಸಾವಕಾರರಿಂದ ನಷ್ಟಪರಿಹಾರ ಸಿಕ್ಕರೆ ಚಾಳಿನ ಮುಂದೆ ಚುರಮುರಿ, ಶೇಂಗಾ, ಬೆಲ್ಲ ಇಟ್ಟುಕೊಂಡು ಸಣ್ಣ ಅಂಗಡಿ ಹಾಕಬಹುದು, ಅದಕ್ಕೆ ಬೆರಳು ನೆಟ್ಟಗಿರಬೇಕಿಲ್ಲ ಎಂಬುದು ಅವರ ಲೆಕ್ಕ. ನನಗೂ ಆಸೆ ಹುಟ್ಟಿತು. ಇಬ್ಬರೂ ವಖಾರಿಗೆ ಹೋದೆವು. ಸಾವಕಾರರು ಗಾದಿಯ ಮೇಲಿಂದ ಏಳಲೂ ಇಲ್ಲ.

"ಯಾವ ನಾಯಿ? ಅದು ಬೀದಿ ನಾಯಿ. ಬರತೈತಿ, ಹೊಕ್ಕೈತಿ."

"ಬೀದಿ ನಾಯಿಗೆ ಸರಪಳಿ ಯಾರು ತಂದು ಹಾಕಿದ್ರು ಸಾವಕಾರ್ರ? ಮುನಸಿಪಾಲ್ಟಿಯವರೇನು?" ಎಂದರು ಕಾಕಾ. ಸಾವಕಾರರು ನಮ್ಮನ್ನು ಹೊರಗೆ ಕಳಿಸಿದರು. ನಾಯಿಯನ್ನೂ ಅಷ್ಟರಲ್ಲಿ ಎಲ್ಲಿಗೋ ಸಾಗಿಸಿದ್ದರು. ಹಮಾಲರು ಕಂಡೇ ಇಲ್ಲ ಎಂದರು. ಅವರ ಅನ್ನ ಅಲ್ಲಿತ್ತು, ಅವರ ಮೇಲೆ ನನಗೆ ಸಿಟ್ಟು ಇರಲಿಲ್ಲ.

ಕಾಕಾ ಒಬ್ಬ ವಕೀಲರನ್ನು ಹುಡುಕಿ ದಾವಾ ಹಾಕಿಸಿದರು. ಆಮೇಲೆ ಶುರುವಾಯಿತು ತಾರೀಖು. ಬೆಳಿಗ್ಗೆ ನಿಮ್ಮವ್ವನನ್ನು ಕಾಕಾನ ಹೆಂಡತಿಯ ಹತ್ತಿರ ಬಿಟ್ಟು ಕೋರ್ಟಿನ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುವುದು. ಗಂಡಸರು ದಾಟಿ ಹೋಗುವಾಗಲೆಲ್ಲ ಸೆರಗು ಎಳೆದುಕೊಳ್ಳುವುದು. ಮಧ್ಯಾಹ್ನದ ಮೇಲೆ ಪಟ್ಟೇವಾಲ ಬಂದು ಮುಂದಿನ ತಾರೀಖು ಹೇಳುವುದು. ಒಂದು ಸಲ ಜಡ್ಜ್ ಸಾಹೇಬರು ರಜೆ, ಒಂದು ಸಲ ಸಾವಕಾರರ ವಕೀಲರಿಗೆ ಜ್ವರ, ಒಂದು ಸಲ ಯಾವುದೋ ಕಾಗದ ಬಂದಿಲ್ಲ. ಮಳೆಗಾಲ ಹೋಯಿತು, ಹತ್ತಿ ಬಿಡಿಸುವ ಕಾಲವೂ ಹೋಯಿತು. ನಾನು ಎಡಗೈಯಿಂದ ಕಂಡವರ ಮನೆಯ ಪಾತ್ರೆ ತಿಕ್ಕುತ್ತಿದ್ದೆ.

"ನಾಯಿ ಕಡದದ್ದು ಒಂದ ದಿನಾ" ಎಂದು ಕಾಕಾ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು. "ಈ ಕೋರ್ಟು ನೋಡು, ದಿನಾ ಕಡೀತೈತಿ."

ನಾಯಿ ಸಾವಕಾರರದೇ ಎಂಬುದಕ್ಕೆ ಏನು ಪುರಾವೆ ಎಂದು ನಮ್ಮ ವಕೀಲರು ಪ್ರತಿ ಸಲ ಕೇಳುತ್ತಿದ್ದರು. ಒಂದು ದಿನ ನನಗೇ ಗೊತ್ತಿಲ್ಲದ ಹಾಗೆ ಖಾರ ಇಸಿದುಕೊಂಡ ಮಾತು ಬಾಯಿಂದ ಬಂತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಾವಕಾರನ ತಾಯಿನೇ ಕೊಟ್ಟಳೇನು? ಹೊರಗ ಬಂದು? ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ರಿ" ಎಂದೆ.

ಆ ಮುದುಕಿಗೆ ಸಾಕ್ಷಿ ಹೇಳಲು ಸಮನ್ಸು ಹೋಯಿತು. ದೊಡ್ಡ ಮನೆಯ ಹೆಣ್ಣುಮಗಳು ಕೋರ್ಟಿಗೆ ಬರುವುದಿಲ್ಲ, ಬಂದರೂ ಮಗನ ವಿರುದ್ಧ ಹೇಳುವುದಿಲ್ಲ ಎಂದುಕೊಂಡಿದ್ದೆವು. ಬಂದರು. ಕಮಾನು ಕಟ್ಟಿದ ಗಾಡಿಯಿಂದ ಇಳಿದು, ಮಗನ ಕಡೆ ನೋಡದೆ ಕಟಕಟೆಯಲ್ಲಿ ನಿಂತರು. ನಾಯಿ ಯಾರದು ಎಂದು ಸಾಹೇಬರು ಕೇಳಿದರು.

"ನಮ್ದಲ್ದಿದ್ರ ನಾ ಯಾಕ ಹೊಸ್ತಿಲಾ ದಾಟಿ ಖಾರಾ ಕೊಡತಿದ್ದೆರಿ? ಊರ ನಾಯಿಗೆಲ್ಲಾ ಖಾರಾ ಹಂಚಕೋತ ಕುಂತ್ರ ನಮ್ಮ ಸಾರಿಗೆ ಏನ ಉಳೀತೈತಿ?"

ಕೋರ್ಟಿನಲ್ಲಿ ಎಲ್ಲರೂ ನಕ್ಕರು. ಸಾವಕಾರರು ನೆಲ ನೋಡುತ್ತಿದ್ದರು. ಗೆದ್ದೆವು ಎಂದು ಕಾಕಾ ನನ್ನ ಕಡೆ ಕಣ್ಣು ಹಾಯಿಸಿದರು.

ಆಗ ಸಾವಕಾರರ ವಕೀಲರು ಎದ್ದು ನನ್ನನ್ನು ಕೇಳಿದರು.

"ಖಾರ ಹಚ್ಚು ಅಂತ ಸಾವಕಾರ್ರು ಹೇಳಿದ್ರೇನು?"

"ಇಲ್ರಿ."

"ಅವರ ತಾಯಿ?"

"ಇಲ್ರಿ."

"ಮತ್ತ?"

"ನಾನ ಹೋಗಿ ಕೇಳಿ ಇಸಗೊಂಡೆರಿ."

ಅವರು ದವಾಖಾನೆಯ ಕಾಗದ ತೆಗೆದು ಓದಿದರು. ಗಾಯಕ್ಕೆ ಖಾರ ತುಂಬಿ ಮೂರು ದಿನ ಕಟ್ಟಿದ್ದರಿಂದ ಕೀವಾಗಿ ನರ ಕೆಟ್ಟಿದೆ ಎಂದು ಅದರಲ್ಲಿತ್ತು. ನಾಯಿ ಕಡಿದದ್ದು ನಿಜ, ಆದರೆ ಕೈ ಕೆಡಿಸಿಕೊಂಡವಳು ಈಕೆಯೇ ಎಂದರು. ಕೈ ತೋರಿಸು ಎಂದು ಸಾಹೇಬರು ಹೇಳಿದರು. ಅಷ್ಟು ಗಂಡಸರ ನಡುವೆ ಸೆರಗಿನಿಂದ ಕೈ ತೆಗೆಯಲು ನನ್ನಿಂದ ಆಗಲಿಲ್ಲ. ಎರಡನೆಯ ಸಲ ಹೇಳಿದ ಮೇಲೆ ತೆಗೆದೆ. ನೀನು ಹೇಳುವುದು ಇನ್ನೇನಾದರೂ ಇದೆಯೇ ಎಂದು ಅವರು ಸಮಾಧಾನದಿಂದಲೇ ಕೇಳಿದರು. ಇತ್ತು. ನಾಯಿ ಕಟ್ಟಿದ್ದರೆ ನಾನು ಖಾರ ಕೇಳಲು ಯಾಕೆ ಹೋಗುತ್ತಿದ್ದೆ? ಆದರೂ ಇಲ್ಲವೆಂದು ತಲೆ ಅಲ್ಲಾಡಿಸಿದೆ.

ತೀರ್ಪು ಬಂತು. ನಾಯಿ ಸಾವಕಾರರದು. ಸೂಜಿಗಾಗಿ ಓಡಾಡಿದ ಖರ್ಚು ಅವರು ಕೊಡಬೇಕು. ಬೆರಳಿಗೆ ಪರಿಹಾರವಿಲ್ಲ. ಬಂದದ್ದು ವಕೀಲರಿಗೂ ಬಾಕಿ ಬಾಡಿಗೆಗೂ ಸರಿಹೋಯಿತು.

ತೀರ್ಪಿನ ದಿನವೂ ಆ ಮುದುಕಿ ಬಂದಿದ್ದರು. ಹೊರಗೆ ಬೇವಿನ ಗಿಡದ ಕೆಳಗೆ ನನ್ನನ್ನು ನಿಲ್ಲಿಸಿದರು.

"ನಾ ಆ ಖಾರಾ ಕೊಡಬಾರದಾಗಿತ್ತೇನು ತಂಗಿ?"

"ನೀವು ಕೊಡದಿದ್ರ ನಾ ಅಂಜಿನಽ ಸಾಯತಿದ್ದೆರಿ ಯವ್ವಾ" ಎಂದೆ. ಆ ಇಡೀ ವರ್ಷದಲ್ಲಿ ನಾನು ಪೂರಾ ಆಡಿದ ಮಾತು ಅದೊಂದೇ ಇರಬೇಕು. ಅವರು ಏನೋ ಹೇಳಲು ಹೊರಟರು. ಮಗ ಗಾಡಿಯಿಂದ ಕರೆದ, ಹೋದರು.

ಮಕ್ಕಳೇ, ನಾಯಿ ಕಡಿದರೆ ಸಾಬೂನಿನಿಂದ ತೊಳೆದು ನೇರವಾಗಿ ದವಾಖಾನೆಗೆ ಹೋಗಿ. ಯಾರ ಮನೆಗೂ ಹೋಗಬೇಡಿ.

ಮೇಲಿನ ಕೋರ್ಟಿಗೆ ಹೋಗೋಣ ಎಂದು ಕಾಕಾ ಆ ಸಂಜೆಯೂ ಹೇಳಿದರು. ಹೇಳುವಾಗ ಅವರ ದನಿಯಲ್ಲೂ ಬಲ ಇರಲಿಲ್ಲ. "ಸಾಕ್ರಿ ಕಾಕಾ" ಎಂದೆ. ಉಳಿದ ಎರಡು ಬೆರಳಲ್ಲಿ ಪೆನ್ಸಿಲು ಹಿಡಿದು ತಮ್ಮನಿಗೆ ಕಾರ್ಡು ಬರೆದೆ. ಸೋಮವಾರ ಶಿವನ ವಾರ, ಎತ್ತು ಹೂಡುವುದಿಲ್ಲವಲ್ಲ, ನಮ್ಮಿಬ್ಬರನ್ನು ಕರೆದೊಯ್ಯಲು ಮಂಗಳವಾರ ಗಾಡಿ ತೆಗೆದುಕೊಂಡು ಬಾ ಎಂದು.