ಹರಿಣಾಕ್ಷಿಗೆ ಉತ್ತರ ಗೊತ್ತಿತ್ತು

ಹರಿಣಾಕ್ಷಿ, ನೀನು ಒಂಬತ್ತನೇ ತರಗತಿಯಲ್ಲಿದ್ದಾಗ, ಶಾಲೆ ನೋಡಲು ಬಂದ ಇಲಾಖೆಯ ಸಾಹೇಬರ ಎದುರು ನಿನಗೆ ಬುದ್ಧಿ ಕಡಿಮೆ ಎಂದು ಹೇಳಿದೆನಲ್ಲ — ಅದು ಸುಳ್ಳು. ಬಾಯಿತಪ್ಪಿ ಬಂದದ್ದೂ ಅಲ್ಲ, ನನ್ನ ಮಾನ ಉಳಿಸಿಕೊಳ್ಳಲು ಹೇಳಿದ್ದು. ಅದೇ ಸಂಜೆ ಅದು ಸುಳ್ಳೆಂದು ನನಗೆ ಖಚಿತವೂ ಆಯಿತು. ಆದರೂ ಹದಿನಾರು ವರ್ಷ ಬಾಯಿ ಬಿಡಲಿಲ್ಲ.

ಬರೆದೇ ಹೇಳುತ್ತಿದ್ದೇನೆ. ಮಾತಿನಲ್ಲಿ ಹೇಳಹೊರಟರೆ ಅರ್ಧದಲ್ಲಿ ಜಾರಿಕೊಳ್ಳುತ್ತೇನೆ, ನನ್ನ ಸ್ವಭಾವ ನನಗೆ ಗೊತ್ತು.

ಇಂಗ್ಲಿಷ್ ವ್ಯಾಕರಣದ ವಿಷಯದಲ್ಲಿ ನನಗೆ ಜಂಬ ಇತ್ತು. ಬಂಟ್ವಾಳ ತಾಲೂಕಿನ ಆ ಸಣ್ಣ ಶಾಲೆಯಲ್ಲಿ ನನ್ನನ್ನು ಮೀರಿಸುವವರು ಯಾರಿದ್ದರು? ಕರಿಹಲಗೆಯ ಮೇಲೆ ಮೂರು ಕಾಲಂ ಎಳೆದು — ನಿನ್ನೆ, ದಿನಾ, ನಾಳೆ — ಕ್ರಿಯಾಪದಗಳನ್ನು ಅದರದರ ಜಾಗಕ್ಕೆ ಸೇರಿಸಿ ಎನ್ನುತ್ತಿದ್ದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಈ ಮೂರನೆಯದು. ನೀವು ನಿನ್ನೆಯನ್ನೂ ನಾಳೆಯನ್ನೂ ಕಲಸಿ ಇಡುತ್ತಿದ್ದಿರಿ. ಒಬ್ಬರು ಮಾಡುವ ಕೆಲಸಕ್ಕೂ ಹತ್ತು ಜನ ಮಾಡುವ ಕೆಲಸಕ್ಕೂ ಒಂದೇ ರೂಪ ಬರೆಯುತ್ತಿದ್ದಿರಿ. ನಾನು ಸಿಡುಕುತ್ತಿದ್ದೆ. ತಪ್ಪಿದವರ ಕಡೆ ನೋಡುವುದನ್ನೇ ಬಿಡುತ್ತಿದ್ದೆ, ಅದು ಇನ್ನೂ ಕೆಟ್ಟದ್ದು.

ಸಾಹೇಬರು ಬರುತ್ತಾರೆ ಎಂದು ಗೊತ್ತಾದಾಗ ನಾನು ಮಾಡಿದ ಏರ್ಪಾಡು ನಿನಗೆ ನೆನಪಿರಬಹುದು. ಪ್ರಶ್ನೆ ಕೇಳಿದಾಗ ತರಗತಿಯ ನಲವತ್ತು ಮಂದಿಯೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನಾನು ಬಲಗೈಯವರನ್ನು ಮಾತ್ರ ಎಬ್ಬಿಸುತ್ತೇನೆ. ನೋಡುವವರಿಗೆ ಇಡೀ ತರಗತಿ ಬುದ್ಧಿವಂತರಿಂದ ತುಂಬಿದ ಹಾಗೆ ಕಾಣುತ್ತದೆ. ಇದು ನನಗೆ ಹಿರಿಯ ಶಿಕ್ಷಕರೊಬ್ಬರು ಹೇಳಿಕೊಟ್ಟ ಉಪಾಯ. ಆಗ ತಮಾಷೆ ಅನಿಸಿತ್ತು. ಒಂದು ವಾರ ಅಭ್ಯಾಸ ಮಾಡಿಸಿದೆ. ಯಾರು ಯಾವ ಕೈ ಎಂದು ಹೇಳಿದವಳೂ ನಾನೇ. ನಿನಗೆ ಎಡಗೈ ಕೊಟ್ಟೆ. ನೀನು ಕಿಟಕಿಯ ಪಕ್ಕದ ಮೂರನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ.

ಆ ದಿನ ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು. ಸಾಹೇಬರಿಗೆ ಖುಷಿಯಾಗಿ, ಕೊನೆಗೆ ತಾವೇ ಒಂದು ಪ್ರಶ್ನೆ ಕೇಳುತ್ತೇನೆ ಎಂದರು. ‘ಅಮ್ಮ ದಿನಾ ಬೀಡಿ ಕಟ್ಟುತ್ತಾರೆ, ನಿನ್ನೆಯೂ ಕಟ್ಟಿದರು — ಇಂಗ್ಲಿಷಿನಲ್ಲಿ ಹೇಳಿ.’ ಕೈಗಳೆಲ್ಲ ಮೇಲೆದ್ದವು. ಅವುಗಳ ನಡುವೆ ನಿನ್ನ ಬಲಗೈ.

ನಾನು ಕಣ್ಣಿನಲ್ಲೇ ಗದರಿಸಿದೆ. ಯಾವ ಕೈ ಎಂದು ಮರೆತಿದ್ದಾಳೆ ಎಂದುಕೊಂಡೆ. ಎಷ್ಟು ಕಲಿಸಿದರೂ ಇಷ್ಟೇ ಎಂದೂ... ಹೌದು, ಅದನ್ನೂ ಅಂದುಕೊಂಡೆ. ನೀನು ಕೈ ಇಳಿಸಲಿಲ್ಲ, ಇನ್ನೂ ಸ್ವಲ್ಪ ಎತ್ತಿದೆ. ಸಾಹೇಬರು ನಿನ್ನನ್ನೇ ಎಬ್ಬಿಸಿದರು. ನೀನು ಎದ್ದು ನಿಂತು, ‘ಮೈ ಮದರ್...’ ಎಂದು ಶುರು ಮಾಡಿದೆ. ಒಂದು ಉಸಿರು ತೆಗೆದುಕೊಳ್ಳಲು ನಿಂತೆ, ಅಷ್ಟೇ. ಆ ಒಂದು ಉಸಿರಿನಷ್ಟು ಹೊತ್ತನ್ನೂ ನಾನು ನಿನಗೆ ಕೊಡಲಿಲ್ಲ.

‘ಅವಳು ಬೇಡ ಸರ್. ಅವಳಿಗೆ ಬುದ್ಧಿ ಕಮ್ಮಿ.’

ನೀನು ಕೂತೆ. ಅಳಲಿಲ್ಲ. ಬೇರೆ ಯಾರೋ ಉತ್ತರ ಹೇಳಿದರು, ಸಾಹೇಬರು ಮೆಚ್ಚಿದರು. ಹೋಗುವಾಗ ಹೆಡ್‌ಮಾಸ್ಟರರಿಗೆ, ‘ಆ ಹುಡುಗಿಯ ಹೆಸರು ನಿಧಾನ ಕಲಿಯುವವರ ಪಟ್ಟಿಯಲ್ಲಿ ಉಂಟಲ್ಲ?’ ಎಂದು ಕೇಳಿದರು. ಇರಲಿಲ್ಲ. ಹೆಡ್‌ಮಾಸ್ಟರರು ನನ್ನ ಮುಖ ನೋಡಿದರು.

ಅವತ್ತು ಸಂಜೆ ಸ್ಟಾಫ್ ರೂಮಿನಲ್ಲಿ ನಿಮ್ಮ ನೋಟ್ ಪುಸ್ತಕಗಳನ್ನು ತಿದ್ದಲು ಕೂತೆ. ನಿನ್ನದು ಕೈಗೆ ಬಂತು. ಆ ವಾರ ನಾನು ಕೊಟ್ಟದ್ದು ಅರ್ಧ ಪುಟದ ಕೆಲಸ, ನೀನು ಬರೆದದ್ದು ಐದು ಪುಟ. ಅಮ್ಮ ಬೀಡಿ ಕಟ್ಟುವುದು, ಅಪ್ಪ ಮಿಲ್ಲಿಗೆ ಹೋಗುವುದು, ತಮ್ಮಂದಿರು ಜಗಳವಾಡುವುದು — ನಿಮ್ಮ ಮನೆಯ ಎಲ್ಲ ಕೆಲಸಗಳೂ ಆ ಮೂರು ಕಾಲಂಗಳಲ್ಲಿ ಇದ್ದವು. ಮೊದಲ ಪುಟದ ತುಂಬ ತಪ್ಪು, ಹೊಡೆದುಹಾಕಿ ಮತ್ತೆ ಬರೆದದ್ದು. ಐದನೇ ಪುಟದಲ್ಲಿ ಒಂದೂ ತಪ್ಪಿರಲಿಲ್ಲ. ಕೊಟ್ಟ ಎಡಗೈಯನ್ನು ಬಿಟ್ಟುಬಿಡಲು ನೀನು ಒಂದು ವಾರ ಒಬ್ಬಳೇ ದುಡಿದಿದ್ದೆ.

ಒಳ್ಳೆಯ ಕೆಲಸಕ್ಕೆ ನಾನು ಕೆಂಪು ಶಾಯಿಯಲ್ಲಿ ‘ಗುಡ್’ ಎಂದು ಬರೆಯುತ್ತಿದ್ದೆ. ನಿನ್ನ ಪುಸ್ತಕದಲ್ಲಿ ಬರೀ ಸಹಿ ಹಾಕಿದೆ. ಗುಡ್ ಎಂದು ಬರೆದಿದ್ದರೆ, ಬೆಳಿಗ್ಗೆ ನಾನು ಹೇಳಿದ್ದು... ಬರೆಯಲಿಲ್ಲ. ಮರುದಿನ ಹೆಡ್‌ಮಾಸ್ಟರರು ಪಟ್ಟಿ ಕೊಟ್ಟಾಗ ನಿನ್ನ ಹೆಸರು ಸೇರಿಸಿದ್ದು ನನ್ನದೇ ಅಕ್ಷರ. ನಿನ್ನ ಅಪ್ಪ ಅರ್ಧ ದಿನದ ಕೆಲಸ ಬಿಟ್ಟು ಅದಕ್ಕೆ ಒಪ್ಪಿಗೆಯ ಸಹಿ ಹಾಕಲು ಬಂದರು. ‘ಟೀಚರ್ ಹೇಳಿದ ಮೇಲೆ ಸರಿಯೇ ಇರ್ತದೆ’ ಎಂದರು. ಅವರ ಎದುರು ನಿಂತಾಗಲೂ ಹೇಳಬಹುದಿತ್ತು.

ನೀನು ಹತ್ತನೇ ತರಗತಿ ಪಾಸಾದೆ. ಎಲ್ಲರೂ ಪಿಯುಸಿಗೆ ಸೇರುವ ಹೊತ್ತಿನಲ್ಲಿ ನೀನು ಗೇರುಬೀಜದ ಫ್ಯಾಕ್ಟರಿಗೆ ಸೇರಿದೆ ಎಂದು ಕೇಳಿದೆ. ಮನೆಯಲ್ಲಿ ಕಷ್ಟ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆ ಸಮಾಧಾನ ಎಷ್ಟು ವರ್ಷ ಬಾಳಿಕೆ ಬಂತು ನೋಡು.

ನಿವೃತ್ತಿಯಾಗಿ ಮೂಡುಬಿದಿರೆಗೆ ಬಂದು ನೆಲೆಸಿದ ಮೇಲೆ, ಈ ಜೂನಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕಿದೆ. ಇಲ್ಲೇ ಹತ್ತಿರದ ತೋಡಾರಿಗೆ ಮದುವೆಯಾಗಿ ಬಂದಿದ್ದೆಯಂತೆ, ಪಕ್ಕದಲ್ಲಿ ಐದನೇ ತರಗತಿಯ ಮಗಳು ತನ್ವಿ. ನೀನು ರಸ್ತೆಯಲ್ಲೇ ಬಗ್ಗಿ ನನ್ನ ಕಾಲು ಮುಟ್ಟಿದೆ. ನಾನು ಹಿಂದೆ ಸರಿದದ್ದು ನಾಚಿಕೆಯಿಂದ ಎಂದು ನೀನು ತಿಳಿದಿರಲಿಕ್ಕಿಲ್ಲ.

‘ಟೀಚರ್, ಇವಳಿಗೆ ಸ್ವಲ್ಪ ಇಂಗ್ಲಿಷ್ ಹೇಳಿಕೊಡ್ಲಿಕ್ಕೆ ಆಗ್ತದಾ? ನನ್ನದೇ ತಲೆ ಇವಳಿಗೂ ಬಂದ್ರೆ ಕಷ್ಟ.’

‘ಹಾಗೆಲ್ಲ ಎಂತಕ್ಕೆ ಹೇಳ್ತೀ?’ ಎಂದೆ.

‘ಅಲ್ಲ ಟೀಚರ್, ಕಾಲೇಜಿಗೆ ಹೋಗ್ತೇನೆ ಅಂತ ನಾನು ಅತ್ತದ್ದುಂಟು. ಬುದ್ಧಿ ಕಮ್ಮಿ ಅಂತ ಶಾಲೆಯಲ್ಲೇ ಬರೆದು ಕೊಟ್ಟಿದ್ದಾರೆ, ಸುಮ್ಮನೆ ಎಂತಕ್ಕೆ ಅಂತ ಅಪ್ಪ ಹೇಳಿದ್ರು. ಅದೂ ಸರಿಯೇ. ನೀವು ಅಷ್ಟು ಕಷ್ಟಪಟ್ಟು ಕಲಿಸಿದ್ರಿ, ನಿಮ್ಮದೆಂತ ತಪ್ಪುಂಟು ಅದರಲ್ಲಿ?’

ನನ್ನದೆಂತ ತಪ್ಪುಂಟು! ನೀನು ಅದನ್ನು ನಗುತ್ತಲೇ ಹೇಳಿದೆ. ಬಸ್ಸು ಬಂತು. ಶನಿವಾರ ಮಧ್ಯಾಹ್ನ ಮಗಳನ್ನು ಕಳಿಸು ಎಂದಷ್ಟೇ ಹೇಳಿ ಹತ್ತಿಬಿಟ್ಟೆ. 

ಅಂದಿನಿಂದ ತನ್ವಿ ಬರುತ್ತಿದ್ದಾಳೆ. ಚುರುಕು ಹುಡುಗಿ, ಬೇಗ ಹಿಡಿದುಕೊಳ್ಳುತ್ತಾಳೆ. ನೀನು ಐದು ಗಂಟೆಗೆ ಗೇಟಿನ ಹತ್ತಿರ ಬಂದು ನಿಲ್ಲುತ್ತೀ, ಒಳಗೆ ಬಾ ಎಂದರೂ ಬರುವುದಿಲ್ಲ. ಪ್ರತಿ ಶನಿವಾರ ಇವತ್ತು ಹೇಳಬೇಕು ಎಂದುಕೊಳ್ಳುತ್ತೇನೆ. ಪ್ರತಿ ಶನಿವಾರ ಮಳೆಯ ವಿಷಯ ಮಾತಾಡುತ್ತೇನೆ.

ಕಳೆದ ವಾರ ಅವಳಿಗೆ ಮನೆಯಲ್ಲಿ ಬರೆಯಲು ಹತ್ತು ವಾಕ್ಯ ಕೊಟ್ಟು, ತಿಳಿಯದಿದ್ದರೆ ಅಮ್ಮನ ಹತ್ತಿರ ಕೇಳು ಎಂದೆ. ಅವಳು ಪೆನ್ಸಿಲ್ ಚೂಪು ಮಾಡುತ್ತಾ, ತಲೆ ಎತ್ತದೆ ಹೇಳಿದಳು: ‘ಅಮ್ಮನಿಗೆ ಗೊತ್ತಾಗುವುದಿಲ್ಲ ಟೀಚರ್. ಅಮ್ಮನಿಗೆ ಬುದ್ಧಿ ಕಮ್ಮಿ.’

ಅದರಲ್ಲಿ ತಮಾಷೆಯಿರಲಿಲ್ಲ, ಬೇಸರವೂ ಇರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಹೇಳುವ ಹಾಗೆ ಹೇಳಿದಳು. ನಾನು ಆಡಿದ ಮಾತೇ, ಒಂದಕ್ಷರ ಆಚೀಚೆ ಆಗಿರಲಿಲ್ಲ. ಆಗಲೇ, ಆ ಮಗುವಿಗಾದರೂ, ಅಲ್ಲ ಎಂದು ಹೇಳಬೇಕಿತ್ತು. ಹೊತ್ತಾಯಿತು, ಪುಸ್ತಕ ಮುಚ್ಚು ಎಂದೆ. 

ಈ ಶನಿವಾರ ನೀನು ಬಂದಾಗ ಈ ಕಾಗದವನ್ನು ಕೈಗೆ ಕೊಟ್ಟು ಒಳಗೆ ಹೋಗುವುದಿಲ್ಲ. ನಿನ್ನನ್ನು ಜಗಲಿಯಲ್ಲಿ ಕೂರಿಸಿ, ತನ್ವಿಯ ಎದುರೇ ಗಟ್ಟಿಯಾಗಿ ಓದುತ್ತೇನೆ. ಅಂದು ಇಡೀ ತರಗತಿಯ ಎದುರು ಹೇಳಿದ ಸುಳ್ಳನ್ನು ನಿನ್ನೊಬ್ಬಳ ಕಿವಿಯಲ್ಲಿ ಹಿಂತೆಗೆದುಕೊಂಡರೆ ಸಾಲದು. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀನು ತಕ್ಷಣ ಕೊಟ್ಟುಬಿಡುತ್ತೀ. ನೀನು ಬೈದರೆ ಕೇಳುತ್ತೇನೆ. ಮಗಳನ್ನು ಇನ್ನು ಕಳಿಸುವುದಿಲ್ಲ ಎಂದರೆ ಅದೂ ನ್ಯಾಯವೇ.

ಆದರೆ ಅವತ್ತು ಮನೆಗೆ ಹೋಗುವಾಗ, ತನ್ನ ಅಮ್ಮ ದಡ್ಡಿ ಅಲ್ಲ, ತನ್ನ ಟೀಚರ್ ಸುಳ್ಳುಗಾತಿ ಎಂದು ಆ ಹುಡುಗಿಗೆ ಗೊತ್ತಿರುತ್ತದೆ.