ಮೆಣಸಿನಕಾಯಿಯ ತಾಳ

ಗಲ್ ಗಲ್ ಗಲ್.

ದೇವದುರ್ಗದ ಕಣದಲ್ಲಿ ಗದ್ದೆಮ್ಮ ಒಂದು ಹಿಡಿ ಮೆಣಸಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿದಳು. ಒಳಗೆ ಬೀಜ ಸದ್ದು ಮಾಡಿದರೆ ಕಾಯಿ ಒಣಗಿದೆ. ಇಲ್ಲದಿದ್ದರೆ ಮತ್ತೆ ಬಿಸಿಲಿಗೆ. ಕಾಯಿ ಆರಿಸುವ ಹೆಂಗಸರ ಹಾಡಿಗೆ ಅದೇ ತಾಳ. ಎದುರಿಗೆ ಮೈಕು ಹಿಡಿದು ಕೂತ ವಿಶಾಖಾ ಕೆಮ್ಮು ಬಾರದಂತೆ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಳು.

ವಿಶಾಖಾ ಕಲ್ಮಲದ ಕೂಲಿಕಾರರ ಮಗಳು. ಮಾನ್ವಿಯ ಮೊಬೈಲ್ ಅಂಗಡಿಯಲ್ಲಿ ಒಂಬತ್ತು ವರ್ಷ ಮೆಮೊರಿ ಕಾರ್ಡುಗಳಿಗೆ ಹಾಡು ತುಂಬಿದವಳು. ಹಾಡಿನ ಉದ್ದ ಹೇಳಿದರೆ ಸಾಕು, ಎಷ್ಟು ಜಾಗ ಹಿಡಿಯುತ್ತದೆಂದು ಬಾಯಲ್ಲೇ ಲೆಕ್ಕ ಕೊಡುತ್ತಾಳೆ. ಸೆಕೆಂಡಿಗೆ ನಲವತ್ತನಾಲ್ಕು ಸಾವಿರ ಸಲ ದನಿಯನ್ನು ಅಳೆದು, ಪ್ರತಿ ಅಳತೆಗೆ ಎರಡು ಬೈಟ್ ಕೊಟ್ಟು, ಎಡಬಲ ಎರಡು ಚಾನೆಲ್‌ನಲ್ಲಿ ಹಿಡಿದರೆ ನಿಮಿಷಕ್ಕೆ ಸುಮಾರು ಹತ್ತು ಎಂಬಿ. ಹಾಡಿದರೂ ಅಷ್ಟೇ, ಸುಮ್ಮನಿದ್ದರೂ ಅಷ್ಟೇ.

ಅದನ್ನು ಕೇಳಿ ಗದ್ದೆಮ್ಮ ನಕ್ಕಿದ್ದಳು. “ಸುಮ್ಕ ಕುಂದ್ರಾಕೂ ಜಾಗ ಬೇಕಂತ ಆ ಡಬ್ಬಿಗಾದ್ರೂ ತಿಳದದಲ್ಲ ಬೇ.” ಆಮೇಲೆ ನಗು ನಿಲ್ಲಿಸಿ ಹೇಳಿದ್ದಳು: “ಕಾಯಿ ಸಪ್ಪಳ ಬಿಟ್ಟು ನನ್ನ ಹಾಡು ಹಾಕಬ್ಯಾಡ.” ವಿಶಾಖಾ ಮಾತು ಕೊಟ್ಟಿದ್ದಳು.

ರಾಯಚೂರಿನಲ್ಲಿ ಜನಪದ ಹಾಡುಗಳನ್ನು ಜಾಲತಾಣಕ್ಕೆ ಏರಿಸುವ ಸಂಘವೊಂದಿತ್ತು; ವಿಶಾಖಾ ಹಾಡು ಹಿಡಿದು ತಂದದ್ದು ಅದಕ್ಕಾಗಿಯೇ. ಅದರ ಮುಖ್ಯಸ್ಥ ಕನಕರಾಜ ಐದು ನಿಮಿಷದ ಹಾಡು ಐವತ್ತು ಎಂಬಿ ಇರುವುದನ್ನು ಕಂಡು ಮುಖ ಸಿಂಡರಿಸಿದ. ಹಾಡುವ ಬಾಯಿ ಒಂದೇ ಎಂದು ವಿಶಾಖಾ ಒಂದು ಚಾನೆಲ್ ತೆಗೆದಳು, ಇಪ್ಪತ್ತೈದಾಯಿತು. ಎಂಪಿತ್ರೀ ಮಾಡಿ ಹಿಂಡಿದಳು, ಐದಕ್ಕೆ ಬಂತು. ಗಲ್ ಗಲ್ ಇನ್ನೂ ಇತ್ತು. ಹಾಡಿಗೆ ಒಂದೇ ಎಂಬಿ, ಅದು ನಿಯಮ ಎಂದ ಕನಕರಾಜ ತಾನೇ ಮೌಸ್ ಹಿಡಿದು ಇನ್ನಷ್ಟು ಹಿಂಡಿ ಕೇಳಿಸಿದ. ಗದ್ದೆಮ್ಮನ ದನಿ ಗೋಡೆಯಾಚೆಯಿಂದ ಬಂದಂತೆ ಬಂತು. ಬೀಜದ ಚೂಪು ಸದ್ದು ಎಲ್ಲಿಯೂ ಇರಲಿಲ್ಲ.

“ಹಾಡು ಕೇಳಸ್ತದಲ್ಲವಾ,” ಎಂದ ಅವನು. “ಮೆಣಸಿನಕಾಯಿ ಯಾರು ಕೇಳ್ತಾರ?”

ವಿಶಾಖಾ ಪರದೆಯನ್ನು ನೋಡಿದಳು. ಪಟ್ಟಿಯ ತುದಿಯಲ್ಲಿ ಅವನದೇ ಉದ್ಘಾಟನಾ ಭಾಷಣ, ಅರ್ಧ ತಾಸಿನದು.

“ಎರಡೂ ಚಾನೆಲ್, ಒಂಚೂರೂ ಹಿಂಡಿಲ್ಲ. ಮುನ್ನೂರು ಎಂಬಿ ಮ್ಯಾಲೇ ಅದ ರೀ ಇದು,” ಎಂದಳು. “ನಡುವ ನೀವು ನೀರು ಕುಡದ ಆರು ಸೆಕೆಂಡಿಗೇ ಒಂದು ಎಂಬಿ ಹೋಗ್ಯದ. ಗದ್ದೆಮ್ಮನ ಇಡೀ ಹಾಡಿಗೂ ಅಷ್ಟ ಏನು?”

ಅವನ ಕಿವಿ ಕೆಂಪಾದವು. ಭಾಷಣದ ಮಾತೇ ಬೇರೆ, ಅದು ದಾಖಲೆ ಎಂದು ಶುರುಮಾಡಿದ. ವಿಶಾಖಾ ಮೌಸ್ ಎಳೆದುಕೊಂಡು ಆ ಒಂದು ಎಂಬಿಯ ಹಾಡನ್ನು ಅಳಿಸಿದಳು, ಮೂಲ ಹಾಡಿದ್ದ ತನ್ನ ಪೆನ್‌ಡ್ರೈವ್ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡಳು.

“ಕುಂದ್ರವಾ, ನಿಯಮ ಅಂದ್ರ ಎಲ್ಲಾರಿಗೂ...” ಅನ್ನುತ್ತಿದ್ದ ಕನಕರಾಜ.

ಅವಳು ಆಗಲೇ ಮೆಟ್ಟಿಲಿಳಿದು ದೇವದುರ್ಗದ ಬಸ್ಸಿನ ಕಡೆ ನಡೆದಿದ್ದಳು.