ತಂಗಿಯ ಬೆನ್ನಿಗೆ ಒಂದು ಚೀಲ

ನನ್ನ ತಂಗಿಗೆ ಗರ್ಭಕೋಶದ ಆಪರೇಷನ್ ಆಗಿ ವರ್ಷ ದಾಟಿತ್ತು. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದು ಮೊದಲ ಕೆಲವು ತಿಂಗಳಿಗೆ ಮಾತ್ರ. ಆದರೆ ಅವಳ ಗಂಡನ ಮನೆಯಲ್ಲಿ ಆ ಮಾತಿಗೆ ಕೊನೆಯೇ ಇರಲಿಲ್ಲ. ಅವಳಿರುವುದು ಮಂಗಳೂರಿನಲ್ಲಿ, ಕಡಲ ದಂಡೆಯದಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ನಾನು ಹೋದಾಗೆಲ್ಲ ನೋಡುತ್ತಿದ್ದೆ. ಅವಳು ಕೊಡಕ್ಕೆ ಕೈ ಹಾಕಿದರೆ ಅತ್ತೆ ಒಳಗಿನಿಂದಲೇ ಕೂಗುತ್ತಿದ್ದರು, ಹಿಟ್ಟಿನ ಡಬ್ಬಿ ಸರಿಸಿದರೆ ಗಂಡ ಓಡಿ ಬಂದು ಕಸಿದುಕೊಳ್ಳುತ್ತಿದ್ದ. ಎಲ್ಲರೂ ಪ್ರೀತಿಯಿಂದಲೇ ಮಾಡುತ್ತಿದ್ದರು. ಅದೇ ಕಷ್ಟ. ಸಿಟ್ಟು ಮಾಡಲು ಅವಳಿಗೆ ಯಾರೂ ಸಿಗುತ್ತಿರಲಿಲ್ಲ.

ಕೊಪ್ಪಳದಲ್ಲಿ ನಮ್ಮ ಆಫೀಸಿನ ಕೆಲವು ಹೆಂಗಸರು ಭಾನುವಾರ ಬೆಳಿಗ್ಗೆ ನಡೆಯಲು ಹೋಗುತ್ತೇವೆ. ಮುಂದೆ ನಿಂತು ನಡೆಸುವವರು ನಿವೃತ್ತರಾದ ಒಬ್ಬ ಪಿ.ಟಿ. ಟೀಚರು. ಚಳಿಗಾಲದಲ್ಲಿ ಅವರು ಒಂದು ಯೋಚನೆ ಹೇಳಿದರು. ಬೆಳಿಗ್ಗೆ ಹಿಟ್ನಾಳದಿಂದ ಹೊರಟು, ಹೊಲದ ದಾರಿ ಕಾಲುವೆಯ ದಾರಿ ಹಿಡಿದು, ಗಂಗಾವತಿ ಕಡೆಯ ಒಂದು ಬಂಡೆಗುಡ್ಡ ಹತ್ತಿ, ಮೇಲಿರುವ ಹನುಮಪ್ಪನ ಗುಡಿಯ ಪೌಳಿಯ ಪಡಸಾಲೆಯಲ್ಲಿ ಮಲಗಿ, ಮರುದಿನ ಇಳಿಯುವುದು. ಪೂಜಾರಿಯ ಜೊತೆ ಮಾತಾಡಿಯೂ ಆಗಿತ್ತು. ಕರಾರು ಒಂದೇ: ಅವರವರ ಚೀಲ ಅವರವರೇ ಹೊರಬೇಕು. ಆಗದವರು ಆಟೋ ಹಿಡಿದು ಗುಡ್ಡದ ಬುಡದ ಹಳ್ಳಿಗೆ ಬಂದು ಅಲ್ಲೇ ಉಳಿಯಬಹುದು.

ಫೋನಿನಲ್ಲಿ ತಂಗಿಗೆ ಇದನ್ನು ಸುದ್ದಿಯ ಹಾಗೆ ಹೇಳಿದೆನಷ್ಟೆ.

"ಅಕ್ಕಾ, ನಾನೂ ಬರ್ತೀನಿ."

"ಬಾ. ಆಟೋದಾಗ ಬಂದು ಕೆಳಗ ಇರು."

"ಆಟೋದಾಗ ಬರಾಕ ನಾ ಯಾಕ ಬರ್ಲಿ? ಮನ್ಯಾಗ ಕುಂತು ಕುಂತು ನನ್ನ ಬೆನ್ನಿಗೆ ತಾ ಎದಕ್ಕ ಐತಿ ಅನ್ನೋದು ಮರತೈತಿ."

ಅವಳ ಗಂಡನಿಗೆ ಭಯ. ಮೂವರೂ ಡಾಕ್ಟರ ಬಳಿ ಹೋದೆವು. ಡಾಕ್ಟರಮ್ಮ ಪರೀಕ್ಷೆ ಮಾಡಿ, "ನಡೀರಿ, ಗುಡ್ಡಾನೂ ಹತ್ರಿ. ಆದ್ರ ಚೀಲ ಐದು ಕಿಲೋದ ಮ್ಯಾಲ ಬ್ಯಾಡ. ಹೊಟ್ಟಿ ಹಿಡಕೊಂಡಂಗ ಆದ್ರ ಅಲ್ಲೇ ಇಳಿಸಿಬಿಡ್ರಿ" ಎಂದರು. ಹೊರಗೆ ಬಂದ ಮೇಲೆ ಅವಳ ಗಂಡ, "ಇಳಿಸಿದ್ರ ಆಟೋ, ತಿಳೀತಿಲ್ಲೋ?" ಎಂದ. ಅವಳು ತಲೆ ಅಲ್ಲಾಡಿಸಿದಳು. ಅಲ್ಲಿಂದ ನಮ್ಮಿಬ್ಬರ ಲೆಕ್ಕವೆಲ್ಲ ಐದು ಕಿಲೋದ ಸುತ್ತ ತಿರುಗತೊಡಗಿತು.

ನಮಗೆ ಏನೂ ಗೊತ್ತಿರಲಿಲ್ಲ. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಅದರಲ್ಲಿ ತೋರಿಸಿದ ಚೀಲಗಳ ಬೆಲೆಯಲ್ಲಿ ನಮ್ಮೂರಲ್ಲಿ ಹಳೆಯ ಮೋಟರ್ ಸೈಕಲ್ಲೇ ಬರುತ್ತದೆ. ಹಾಗಾಗಿ ಮೊದಲು ಕೊಪ್ಪಳದ ಬಸ್‌ಸ್ಟ್ಯಾಂಡ್ ಹತ್ತಿರದ ಬ್ಯಾಗಿನ ಅಂಗಡಿಗೇ ಹೋದೆವು. ಅಂಗಡಿಯವನು ಎತ್ತರದ, ಹಸಿರು ಬಣ್ಣದ ಚೀಲವೊಂದನ್ನು ಇಳಿಸಿದ.

"ಅಕ್ಕಾರ, ಇದು ಮಿಲ್ಟ್ರಿ ಕ್ವಾಲಿಟಿ. ಹೊತಗೊಂಡ್ರ ಹೂವು ಹೊತಗೊಂಡಂಗ."

ತಂಗಿ ಅದರೊಳಗೆ ತುರುಕಿದ್ದ ಹಳೆಯ ಪೇಪರುಗಳನ್ನು ಹೊರಗೆಳೆದು ಹಾಕಿದಳು. ಪಕ್ಕದ ಕಿರಾಣಿ ಅಂಗಡಿಗೆ ಹೋಗಿ, ನಾಲ್ಕು ಪುಡಿಕೆ ಸಕ್ಕರೆಯನ್ನು ಈಗಲೇ ವಾಪಸು ಕೊಡುತ್ತೇನೆ ಎಂದು ಹೇಳಿ ತಂದು, ಚೀಲಕ್ಕೆ ಹಾಕಿ, ಬೆನ್ನಿಗೇರಿಸಿ, ಅಂಗಡಿಯ ಸಾಲಿನ ಆ ತುದಿಗೂ ಈ ತುದಿಗೂ ನಡೆದಳು.

"ಅಕ್ಕಾರ, ಚೀಲ ನಂದು, ಸಕ್ಕರಿ ಅವರದು. ಹಂಗ ಬಸ್ಸಿಗೆ ಹತ್ತೀರಿ ಮತ್ತ!"

"ಹತ್ತೂದಾದ್ರ ನಿನ್ನ ಹೂವು ಇಲ್ಲೇ ಒಗದು ಹತ್ತತೀನಿ, ತಮ್ಮಾ. ಖಾಲಿ ಇದ್ದಾಗನ ಇದು ಎರಡು ಕಿಲೋ ಐತಿ."

ಕಿರಾಣಿಯವನ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಅವಳ ಮಾತು ಹೆಚ್ಚೂ ಕಡಿಮೆ ಸರಿಯಾಗಿತ್ತು. ಐದರಲ್ಲಿ ಎರಡು ಚೀಲಕ್ಕೇ ಹೋದರೆ ನೀರಿಗೆ, ಹಾಸಿಗೆಗೆ, ಊಟಕ್ಕೆ ಉಳಿಯುವುದೇನು? ನನಗೆ ಅಲ್ಲಿಯವರೆಗೆ ಚೀಲಕ್ಕೂ ಒಂದು ತೂಕವಿದೆ ಎಂದು ಹೊಳೆದೇ ಇರಲಿಲ್ಲ.

ಮುಂದಿನ ವಾರ ಗಂಗಾವತಿಯಲ್ಲಿ ಹುಡುಕಿದೆವು. ಅಲ್ಲೊಂದು ಕಡೆ ತೆಳು ಬಟ್ಟೆಯ, ಸೊಂಟಕ್ಕೆ ಪಟ್ಟಿ ಇರುವ ಚೀಲ ಸಿಕ್ಕಿತು. ಆ ಪಟ್ಟಿ ಯಾಕೆ ಎಂದು ನಮ್ಮಿಬ್ಬರಿಗೂ ಕುತೂಹಲ. ತಂಗಿ ಕಟ್ಟಿಕೊಂಡು, ಹೆಗಲಿನ ಪಟ್ಟಿ ಸ್ವಲ್ಪ ಸಡಿಲ ಬಿಟ್ಟು, ಎರಡು ಹೆಜ್ಜೆ ನಡೆದಳು. ಆಮೇಲೆ ನಗತೊಡಗಿದಳು.

"ಅಕ್ಕಾ, ಇದು ಕೊಡ ಬೇ! ಟೊಂಕದ ಮ್ಯಾಲ ಕೊಡ ಇಟಗೊಂಡಂಗ. ಹೆಗಲಿಗೆ ಏನೂ ಇಲ್ಲ."

ನಿಜ. ತುಂಬಿದ ಕೊಡವನ್ನು ನಾವು ಸೊಂಟದ ಎಲುಬಿನ ಮೇಲೆ ಕೂರಿಸಿ ಮೈಲಿಗಟ್ಟಲೆ ನಡೆದವರು. ಅದೇ ಕೊಡವನ್ನು ಕೈಯಲ್ಲಿ ಹಿಡಿದರೆ ಪಕ್ಕದ ಓಣಿಯವರೆಗೂ ಹೋಗಲಾಗುವುದಿಲ್ಲ. ಆದರೆ ಆ ಚೀಲ ಅವಳಿಗೆ ಉದ್ದವಾಯಿತು. ಪಟ್ಟಿಯ ಕೊಂಡಿ ಕೆಳಗೆ ಜಾರಿ ಸರಿಯಾಗಿ ಆಪರೇಷನ್ನಿನ ಹೊಲಿಗೆಯ ಜಾಗವನ್ನೇ ಒತ್ತುತ್ತಿತ್ತು. ಅವಳು ಹೇಳಲಿಲ್ಲ, ಮುಖ ನೋಡಿ ನಾನೇ ಕೇಳಿದೆ. ಅಂಗಡಿಯಲ್ಲಿದ್ದ ಹೆಂಗಸು ಒಳಗಿನಿಂದ ಅಂಥದೇ, ಶಾಲೆಯ ಹುಡುಗರ ಅಳತೆಯದನ್ನು ತಂದಳು. ಅದು ಸೊಂಟದ ಮೇಲೇ ಕೂತಿತು. ಬೆಲೆಯೂ ಅರ್ಧ. ಎಷ್ಟು ಸಾಮಾನು ಹಿಡಿಯುತ್ತದೆ ಎಂದು ಕೇಳುವ ಮೊದಲು ಬೆನ್ನು ಎಷ್ಟು ಉದ್ದ ಇದೆ ಎಂದು ನೋಡಬೇಕು ಎನ್ನುವುದು ನಾನು ಅಂದು ಕಲಿತ ಪಾಠ. ನಾನೂ ನನ್ನ ಅಳತೆಯದೊಂದು ತೆಗೆದುಕೊಂಡೆ.

ಬೂಟು ತೆಗೆದುಕೊಂಡದ್ದು ಸಂಜೆ, ದಪ್ಪ ಸಾಕ್ಸ್ ಹಾಕಿಕೊಂಡು. ಹಗಲೆಲ್ಲ ಓಡಾಡಿದ ಮೇಲೆ ಪಾದ ಊದಿರುತ್ತದೆ, ಆಗ ಸರಿಯಾದದ್ದು ಗುಡ್ಡದಲ್ಲೂ ಸರಿಯಾಗುತ್ತದೆ ಎಂದು ಟೀಚರು ಹೇಳಿದ್ದರು. ಹೊಸ ಬೂಟನ್ನು ಮೊದಲೇ ಹಾಕಿ ಪಳಗಿಸಬೇಕು ಎಂದೂ ಹೇಳಿದ್ದರು. ಮಂಗಳೂರಿನ ಮನೆಯಲ್ಲಿ ಅದೊಂದು ದೊಡ್ಡ ಸಮಸ್ಯೆ. ಅಡುಗೆಮನೆ, ದೇವರಮನೆ ಇರುವ ಒಳಗೆ ಬೂಟು ಹಾಕಿಕೊಂಡು ತಿರುಗುವುದುಂಟೆ? ಓಣಿಯಲ್ಲಿ ತಿರುಗಿದರೆ ಎಲ್ಲರಿಗೂ ಉತ್ತರ ಹೇಳಬೇಕು. ಕೊನೆಗೆ ಅವಳು ಬೂಟನ್ನು ಕೈಯಲ್ಲಿ ಹಿಡಿದು ಮಾಳಿಗೆ ಹತ್ತಿ, ಅಲ್ಲಿ ಹಾಕಿಕೊಂಡು, ಸೀರೆ ಮೇಲಕ್ಕೆ ಕಟ್ಟಿ, ಒಣಗಲು ಹಾಕಿದ ಮೆಣಸಿನಕಾಯಿಯ ಸುತ್ತ ನಡೆಯತೊಡಗಿದಳು. ಪಕ್ಕದ ಮಾಳಿಗೆಯಿಂದ ಪ್ರಶ್ನೆ ಬಂದೇ ಬಂತು.

"ಯಾಕವಾ, ಮೆಣಸಿನಕಾಯಿಗೆ ಪೊಲೀಸ್ ಕಾವಲಾ?"

"ಹೂಂನವಾ. ನಿಮ್ಮ ಮನಿ ಕಡೆ ಕಳ್ಳರ ಅದಾರಂತ ಕೇಳೀನಿ."

ಹಾಸಿಗೆಗೆ ಬಂದಾಗ ಮಾತು ಕೌದಿಯ ಮೇಲೆ ನಿಂತಿತು. ಹಳೆಯ ಸೀರೆಗಳನ್ನು ಪದರ ಪದರ ಹಾಕಿ ಹೊಲಿದ ನಮ್ಮ ಕೌದಿಗಿಂತ ಬೆಚ್ಚನೆಯದು ಇನ್ನೊಂದಿಲ್ಲ. ಆದರೆ ತೂಗಿದರೆ ಒಂದು ಕೌದಿಯೇ ಐದು ಕಿಲೋವನ್ನು ನುಂಗುವಂತಿತ್ತು. ಒಳಗೆ ತೂರಿಕೊಂಡು ಜಿಪ್ ಎಳೆದುಕೊಳ್ಳುವ ಚೀಲದ ಹಾಸಿಗೆಗೆ ದುಡ್ಡು ಹಾಕಲು ಮನಸ್ಸಾಗಲಿಲ್ಲ. ಒಂದು ರಾತ್ರಿಯ ಮಾತು, ತಲೆಯ ಮೇಲೆ ಗುಡಿಯ ಸೂರೂ ಇದೆ. ತಂಗಿ ಎರಡೇ ಎರಡು ಮೆತ್ತನೆಯ ಸೀರೆ ಹಾಕಿ, ನಡುವೆ ಹಳೆಯ ಶಾಲು ಇಟ್ಟು, ದೂರ ದೂರ ಹೊಲಿಗೆ ಹಾಕಿ ತೆಳು ಕೌದಿ ಹೊಲಿದಳು. ಅವಳ ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದರಾಗಿಂದ ನಿನ್ನ ಮಾರಿ ಕಾಣತೈತಿ. ಇದಕ್ಕ ಕೌದಿ ಅಂತಾರೇನ ಬೇ?"

ಹಾಗೆನ್ನುತ್ತಲೇ ತಾವೇ ಕುಳಿತು ಅಂಚು ಮಡಚಿ ಹೊಲಿದುಕೊಟ್ಟರು. ಕೆಳಗೆ ಹಾಸಲು, ಹೊಲದಲ್ಲಿ ಮಳೆ ಬಂದರೆ ರಾಶಿಗೆ ಹೊದಿಸುವ ತಾಡಪತ್ರಿಯಲ್ಲಿ ಮಲಗುವಷ್ಟು ಕತ್ತರಿಸಿಕೊಂಡೆವು. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಚೀಲದಲ್ಲಿ ರೊಟ್ಟಿ ಪುಡಿಯಾಗುತ್ತದಲ್ಲ ಎಂದು ನಾನು ಚಿಂತೆ ಮಾಡುತ್ತಿದ್ದರೆ, ತಂಗಿ ಅವನ್ನೆಲ್ಲ ಮೊದಲೇ ಪಟಪಟ ಮುರಿದು ಡಬ್ಬಿಗೆ ತುಂಬಿದಳು. ಅವರ ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ, ನೀರಿನ ಬಾಟಲಿಯೂ ಸೇರಿ, ಅವಳ ಚೀಲ ಐದರ ಒಳಗೇ ನಿಂತಿತು. ಅಂಗಡಿಯವನಿಗೆ ನಾವು ಯಾವ ಸಾಮಾನು ಮಾರಲು ತಂದಿದ್ದೇವೆಂದು ಕೊನೆಗೂ ತಿಳಿಯಲಿಲ್ಲ.

ಇಷ್ಟೆಲ್ಲ ತೂಗಿದ ನಾವು ಒಂದನ್ನು ಮರೆತಿದ್ದೆವು. ಅದು ನಡಿಗೆಯ ದಿನ, ಹಿಟ್ನಾಳ ದಾಟಿ ಮೊದಲ ಹಳ್ಳಿಗೆ ಕಾಲಿಟ್ಟಾಗ ಗೊತ್ತಾಯಿತು.

ನಮ್ಮ ಕಡೆ ಬೆನ್ನಿಗೆ ಗಂಟು ಕಟ್ಟಿ ಸಾಲಾಗಿ ನಡೆಯುವವರು ಎಂದರೆ ಪಾದಯಾತ್ರೆಯವರು. ಶ್ರೀಶೈಲಕ್ಕೆ, ಹುಲಿಗಿಗೆ ನಡೆದು ಹೋಗುವವರಿಗೆ ದಾರಿಯ ಊರಿನವರು ನೀರು, ಹಣ್ಣು, ಊಟ ಕೊಡುತ್ತಾರೆ. ಸ್ವಲ್ಪ ದೂರ ಅವರ ಗಂಟನ್ನೂ ಹೊರುತ್ತಾರೆ. ನಡೆಯುವವರ ಪುಣ್ಯದಲ್ಲಿ ಅದೊಂದು ಪಾಲು. ಬೇಡ ಎನ್ನುವಂತಿಲ್ಲ. ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಯಜಮಾನರು ನಮ್ಮನ್ನು ನೋಡಿ ಎದ್ದು ನಿಂತರು.

"ಯಾವ ದೇವರಿಗ್ರಿ, ಎವ್ವಾ?"

"ದೇವರಿಗೆ ಅಂತಲ್ರಿ. ಸುಮ್ನ ನಡ್ಯಾಕ ಬಂದೀವಿ" ಎಂದರು ಟೀಚರು.

"ಸುಮ್ನ ಯಾರ ನಡೀತಾರ್ರಿ? ಹೇಳಾಕ ಬರದ ಹರಕಿ ಇರಬೇಕು ಬಿಡ್ರಿ" ಎಂದು ಅವರು ಒಳಗೆ ಕೂಗಿ ಬಾಳೆಹಣ್ಣು ತರಿಸಿದರು.

ಮುಂದೆ ಇನ್ನೊಬ್ಬರು ಪೇರಲ ಹಣ್ಣು ಕೊಟ್ಟರು. ಕಾಲುವೆಯ ದಂಡೆಯ ಕ್ಯಾಂಪಿನಲ್ಲಿ, ಅಂದರೆ ನೀರಾವರಿಯ ಜೊತೆ ಆಂಧ್ರದಿಂದ ಬಂದು ನೆಲೆಸಿದವರ ಊರಿನಲ್ಲಿ, ಒಬ್ಬ ತಾಯಿ "ತೀಸ್ಕೋ ಅಮ್ಮಾ, ತೀಸ್ಕೋ" ಎನ್ನುತ್ತ ಚಕ್ಕುಲಿಯ ಪೊಟ್ಟಣವನ್ನು ತಂಗಿಯ ಚೀಲಕ್ಕೆ ತಾನೇ ತುರುಕಿದಳು. ಎಲ್ಲರಿಗಿಂತ ಸಣ್ಣ ಚೀಲ ಅವಳದು. ಕೊಡುವವರ ಕಣ್ಣು ಮೊದಲು ಅದರ ಮೇಲೆಯೇ ಬೀಳುತ್ತಿತ್ತು. ಊರು ದಾಟಿದ ಮೇಲೆ ನಾನು ಹಣ್ಣು, ಚಕ್ಕುಲಿ ಎಲ್ಲವನ್ನೂ ನನ್ನ ಚೀಲಕ್ಕೆ ಹಾಕಿಕೊಂಡೆ. ಅವಳು ಬಿಟ್ಟುಕೊಟ್ಟಳು. ಕೊಟ್ಟ ಮಾತು ಐದು ಕಿಲೋದ್ದು.

ಗುಡ್ಡದ ಬುಡದ ಹಳ್ಳಿ ಬರುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ತಂಗಿ ನಡುನಡುವೆ ನಿಂತು ಸೊಂಟದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ನಾನು ಹತ್ತಿರ ಹೋದರೆ "ಏನೂ ಆಗಿಲ್ಲ" ಎನ್ನುತ್ತಿದ್ದಳು. ಅದನ್ನು ಕಂಡೋ ಏನೋ, ಬೇಲಿಯ ಪಕ್ಕ ನಿಂತಿದ್ದ ಒಬ್ಬ ಮುದುಕಿ ನೇರ ಬಂದು ಅವಳ ಚೀಲಕ್ಕೆ ಕೈಹಾಕಿದಳು.

"ಕೊಡವಾ, ಗುಡ್ಡದ ತನಕ ನಾ ಹೊರತೀನಿ. ನನಗೂ ಒಂದೀಟು ಪುಣ್ಯ ಬರ್ಲಿ."

ತಂಗಿ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಬ್ಯಾಡಮ್ಮಾ."

"ಯಾಕ, ನಾ ಮುದುಕಿ ಅಂತನಾ? ಈ ವಯಸ್ಸಿನ್ಯಾಗೂ ಜ್ವಾಳದ ಚೀಲ ಸರಸ್ತೀನಿ ನಾ. ಬಿಡು."

"ಬಿಡಂಗಿಲ್ಲ."

ಇಬ್ಬರೂ ಎಳೆದಾಡತೊಡಗಿದರು. ನಮ್ಮವರು ನಕ್ಕರು. ನನಗೆ ನಗು ಬರಲಿಲ್ಲ, ತಂಗಿಯ ಕಣ್ಣು ತುಂಬಿತ್ತು.

"ಅಮ್ಮಾ, ನಿನ್ನ ಕಾಲು ಬೀಳ್ತೀನಿ. ವರ್ಷದ ಮ್ಯಾಲಾತು, ಎಲ್ಲಾರೂ ನನ್ನ ಕೈಯಾಗಿಂದು ಕಸಗೊಳ್ಳೋರ ಆಗ್ಯಾರ. ಇದೊಂದು ನಾ ಹೊರಬೇಕಂತ ಬಂದೀನಿ."

ಮುದುಕಿ ಕೈ ತೆಗೆದಳು.

"ಹಂಗನು! ಹಂಗಾದ್ರ ಇದು ನಿನ್ನ ಹರಕಿ. ಹರಕಿ ಭಾರಕ್ಕ ಇನ್ನೊಬ್ಬರು ಕೈ ಹಚ್ಚಬಾರದು. ಮೊದಲ ಹೇಳಬೇಕಿಲ್ಲೋ?" ಎಂದವಳು, "ನಿಲ್ಲು, ಹೋಗಬ್ಯಾಡ" ಎಂದು ಒಳಗೆ ಹೋಗಿ ಒಂದು ತೆಂಗಿನಕಾಯಿ ತಂದಳು. "ಮಣಕಾಲು ನೋವು, ಮ್ಯಾಲ ಹತ್ತಾಕ ಆಗವಲ್ದು. ನನ್ನ ಹೆಸರ್ಲೆ ಹನುಮಪ್ಪಗ ಒಡಸು. ನೀನ ಒಯ್ಯಬೇಕು ಮತ್ತ, ಮಂದೀ ಕೈಯಾಗ ಕೊಡಬಾರದು."

ಟೀಚರು ನನ್ನ ಮುಖ ನೋಡಿದರು, ನಾನು ತಂಗಿಯ ಮುಖ ನೋಡಿದೆ. ಅವಳು ಅಷ್ಟರಲ್ಲಿ ಬಾಟಲಿಯ ಮುಕ್ಕಾಲು ನೀರು ಕುಡಿದಿದ್ದಳು. ಕಾಯಿ ಆ ನೀರಿನ ತೂಕದ ಜಾಗದಲ್ಲಿ ಕೂತಿತು. ಐದು ಕಿಲೋ ಐದೇ ಉಳಿಯಿತು ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ.

ಹತ್ತುವುದು ಸುಲಭವಾಗಿರಲಿಲ್ಲ. ಬಂಡೆಯ ಏರಿನಲ್ಲಿ ಅವಳು ಎಲ್ಲರಿಗಿಂತ ಹಿಂದೆ ಬಿದ್ದಳು. ಒಂದು ತಿರುವಿನಲ್ಲಿ ಕುಳಿತೇಬಿಟ್ಟಳು. ಹೊಟ್ಟೆ ಹಿಡಿದುಕೊಂಡಿತೇ ಎಂದು ಕೇಳಿದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ನಿಜವಾಗಿಯೂ ಪರೀಕ್ಷೆ ಮಾಡಿದಳು. "ಇಲ್ಲ ಅಕ್ಕಾ. ಕಾಲು ಅಷ್ಟ" ಎಂದಳು. ನಾವಿಬ್ಬರೂ ಕೆಳಗಿನ ಗದ್ದೆಗಳನ್ನು, ಕಾಲುವೆಯ ನೀರಿನ ಗೆರೆಯನ್ನು ನೋಡುತ್ತ ಕುಳಿತೆವು. ಎದ್ದಾಗ ಅವಳು ಮೊದಲು ಸೊಂಟದ ಪಟ್ಟಿ ಬಿಗಿದು, ಆಮೇಲೆ ಹೆಗಲಿನದನ್ನು ಎಳೆದುಕೊಂಡಳು. ಯಾರೂ ಕಲಿಸದೆ ಆ ಕ್ರಮ ಅವಳ ಕೈಗೆ ಬಂದಿತ್ತು.

ಗುಡಿಯ ಮುಂದೆ ಪೂಜಾರಿ ಕಾಯಿ ಒಡೆದು ಯಾರ ಹೆಸರಿಗೆ ಎಂದು ಕೇಳಿದರು. ಹೆಸರು ಕೇಳಲು ನಾವು ಮರೆತಿದ್ದೆವು. "ಕೆಳಗಿನ ಅಮ್ಮಂದು" ಎಂದಳು ತಂಗಿ. ಅಷ್ಟು ಸಾಕು ಎಂದರು ಪೂಜಾರಿ.

ಪೌಳಿಯ ತುದಿಯಲ್ಲಿ ಮಾತ್ರ ಫೋನು ಹತ್ತುತ್ತಿತ್ತು. ಅವಳು ಅಲ್ಲಿ ನಿಂತು ಗಂಡನ ಜೊತೆ ಮಾತಾಡಿದಳು. ಆ ಕಡೆಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಹೋಗಿ ಮುಟ್ಟಿದಿ? ಆಟೋದಾಗಿಂದ ಎಲ್ಲಿ ಇಳಿದಿ?"

"ಆಟೋ ಹತ್ತೇ ಇಲ್ರಿ. ಗುಡ್ಡದ ಮ್ಯಾಲ ಅದೀನಿ."

"ಚೀಲ ಯಾರು ತಂದ್ರು?"

"ನಾನ."

"ಪೂರ್ತಿ?"

"ಪೂರ್ತಿ. ಮಂದೀದೊಂದು ಕಾಯಿನೂ ತಂದೀನಿ."

ಅವನು ಊಟ ಆತೇನು ಎಂದು ಕೇಳಿದ. ಚೀಲ ಇನ್ನೂ ಅವಳ ಬೆನ್ನ ಮೇಲೆಯೇ ಇತ್ತು.